ಒಂಬತ್ತನೆಯ ಪುಟದ ಮೊಬೈಲ್ ನಂಬರು: ಜಾಲ ಭದ್ರತೆಯನ್ನು ಕ್ಲೌಡ್‌ಗೆ ವಹಿಸಿದ ಸಹಕಾರಿಯೊಂದರ ಪ್ರಕರಣ ಅಧ್ಯಯನ

ಈ ಬರಹವು ಬಾಗಲಕೋಟೆ ಜಿಲ್ಲೆಯ ಒಂದು ಪತ್ತಿನ ಸೌಹಾರ್ದ ಸಹಕಾರಿಯ ಅನುಭವವನ್ನು ಕುರಿತದ್ದು. ತನ್ನ ಶಾಖೆಗಳ ಫೈರ್‌ವಾಲ್ (ಜಾಲಕ್ಕೆ ಬಂದು ಹೋಗುವ ಸಂಚಾರದ ಕಾವಲು), ಜಾಲತಾಣಗಳ ಸೋಸುವಿಕೆ, ಒಳನುಸುಳುವಿಕೆಯ ಪತ್ತೆ ಮೊದಲಾದ ಕೆಲಸಗಳನ್ನು ಅದು ಹೊರಗಿನ ಕಂಪನಿಯೊಂದರ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ದೂರದ ಸರ್ವರುಗಳಿಗೆ, ವಹಿಸಿತು. ಆ ದಾರಿಯಲ್ಲಿ ಸದಸ್ಯರ ಸಾಲದ ವಿವರ ಯಾರೂ ಎಣಿಸದ ಕಡೆಗೆ ಹರಿಯತೊಡಗಿತು. ಅದನ್ನು ಸರಿಪಡಿಸಲು ಸುಮಾರು ಎಂಟು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ನಾನು ಜಾಲ ಸಲಹೆಗಾರನಾಗಿ ಅವರ ಜೊತೆಗಿದ್ದೆ. ಸಹಕಾರಿಯ, ಕಂಪನಿಯ ಹಾಗೂ ವ್ಯಕ್ತಿಗಳ ಗುರುತು ಸಿಗದಂತೆ ಊರುಗಳನ್ನೂ ಕೆಲವು ಸಂಖ್ಯೆಗಳನ್ನೂ ಬದಲಿಸಿದ್ದೇನೆ. ತೀರ್ಮಾನಗಳು ಯಾವ ಕ್ರಮದಲ್ಲಿ ಆದವೋ ಅದೇ ಕ್ರಮದಲ್ಲಿ ಬರೆದಿದ್ದೇನೆ, ಏಕೆಂದರೆ ತಪ್ಪು ನಡೆದದ್ದೂ ತಿದ್ದಿದ್ದೂ ಆ ಕ್ರಮದಲ್ಲಿಯೇ ಅಡಗಿದೆ.

ಹಿನ್ನೆಲೆ

ಸಹಕಾರಿಗೆ ಪ್ರಧಾನ ಕಚೇರಿಯೂ ಸೇರಿ ಹದಿನಾಲ್ಕು ಕಡೆ ಕಚೇರಿಗಳಿದ್ದವು. ಒಂದೆಡೆ ಕಬ್ಬು ಬೆಳೆಗಾರರು, ಇನ್ನೊಂದೆಡೆ ರಬಕವಿ-ಬನಹಟ್ಟಿ ಸುತ್ತಿನ ಮಗ್ಗದವರು, ಮತ್ತೊಂದೆಡೆ ಇಳಕಲ್ಲಿನ ಸೀರೆ ವ್ಯಾಪಾರಸ್ಥರು ಅದರ ಸದಸ್ಯರು. ಠೇವಣಿ ಮತ್ತು ಪಿಗ್ಮಿಯ ಜೊತೆಗೆ ವಹಿವಾಟಿನ ದೊಡ್ಡ ಭಾಗ ಬಂಗಾರ ಸಾಲದ್ದು. ಪ್ರತಿ ಶಾಖೆಯಲ್ಲಿ ನಾಲ್ಕರಿಂದ ಆರು ಕಂಪ್ಯೂಟರ್, ಒಂದು ಫೈರ್‌ವಾಲ್ ಪೆಟ್ಟಿಗೆ, ಒಂದು ಯುಪಿಎಸ್ ಇದ್ದವು. ಲೆಕ್ಕಪತ್ರದ ತಂತ್ರಾಂಶ ಪ್ರಧಾನ ಕಚೇರಿಯ ಸರ್ವರಿನಲ್ಲಿ ನಡೆಯುತ್ತಿತ್ತು.

ಫೈರ್‌ವಾಲ್ ಪೆಟ್ಟಿಗೆಗಳನ್ನು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಅಂಗಡಿಗಳಿಂದ ಕೊಂಡದ್ದರಿಂದ ಯಾವ ಎರಡೂ ಒಂದೇ ಬಗೆಯವಾಗಿರಲಿಲ್ಲ. ಅರ್ಧಕ್ಕೂ ಹೆಚ್ಚು ಪೆಟ್ಟಿಗೆಗಳ ಲೈಸೆನ್ಸ್ ಅವಧಿ ಮುಗಿದಿತ್ತು. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಮುಚ್ಚಿದ ಕೋಣೆಯಲ್ಲಿ ಅವು ತಾವಾಗಿಯೇ ಬಂದಾಗುತ್ತಿದ್ದವು. ಇವೆಲ್ಲವನ್ನೂ ನೋಡಿಕೊಳ್ಳಲು ಇದ್ದವರು ಇಬ್ಬರೇ ಇಬ್ಬರು ತಾಂತ್ರಿಕ ಸಿಬ್ಬಂದಿ, ಅವರ ಅರ್ಧ ವಾರ ಬಸ್ಸಿನಲ್ಲಿಯೇ ಕಳೆಯುತ್ತಿತ್ತು. ಇದು ಈ ಸಹಕಾರಿಯೊಂದರ ಕೊರತೆಯಲ್ಲ. 2012ರಲ್ಲಿ 57 ಸಂಸ್ಥೆಗಳ ಜಾಲಗಳನ್ನು ಸಮೀಕ್ಷಿಸಿದ ಅಧ್ಯಯನವೊಂದು, ರೌಟರುಗಳು ಎಷ್ಟಿವೆಯೋ ಬಹುಮಟ್ಟಿಗೆ ಅಷ್ಟೇ ಸಂಖ್ಯೆಯಲ್ಲಿ ಇಂಥ ನಡುವಿನ ಪೆಟ್ಟಿಗೆಗಳೂ ಸಂಸ್ಥೆಗಳ ಜಾಲದಲ್ಲಿವೆ ಎಂದು ತೋರಿಸಿ, ಅವುಗಳ ಕೆಲಸವನ್ನು ಕ್ಲೌಡ್‌ಗೆ ಒಪ್ಪಿಸಬಹುದೆಂದು ವಾದಿಸಿತ್ತು. ಅದೇ ವರ್ಷ ದೂರಸಂಪರ್ಕ ಕಂಪನಿಗಳು ಕೂಡಿ, ಪೆಟ್ಟಿಗೆ ಮಾಡುವ ಕೆಲಸವನ್ನು ಸಾಮಾನ್ಯ ಸರ್ವರಿನ ಮೇಲೆ ತಂತ್ರಾಂಶವಾಗಿ ಓಡಿಸುವ ಮಾದರಿಯನ್ನು ಮುಂದಿಟ್ಟವು. ಇಂದು ಮಾರಾಟಕ್ಕಿರುವ ಕ್ಲೌಡ್ ಭದ್ರತಾ ಸೇವೆಗಳ ಹಿಂದೆ ಇದೇ ಆಲೋಚನೆಯಿದೆ.

ಆಡಳಿತ ಮಂಡಳಿ ಒಪ್ಪಿದ್ದು ಸರಿಯಾದ ಕಾರಣಗಳಿಗಾಗಿಯೇ. ಶಾಖೆಯಲ್ಲಿ ಒಂದು ಸಣ್ಣ ರೌಟರ್ ಮಾತ್ರ ಇರುತ್ತದೆ. ಅದು ಎಲ್ಲ ಸಂಚಾರವನ್ನೂ ಎನ್‌ಕ್ರಿಪ್ಟ್ ಆದ, ಅಂದರೆ ಕೀಲಿ ಇಲ್ಲದವರು ಓದಲಾಗದಂತೆ ಮಾಡಿದ, ಟನಲ್ ಮೂಲಕ ಮುಂಬೈಯ ಡೇಟಾ ಸೆಂಟರಿಗೆ ಕಳಿಸುತ್ತದೆ. ಅಲ್ಲಿ ಸೋಸಿ, ಪರೀಕ್ಷಿಸಿ, ಇಂಟರ್ನೆಟ್ಟಿಗೋ ಪ್ರಧಾನ ಕಚೇರಿಗೋ ಮುಂದೆ ಕಳಿಸಲಾಗುತ್ತದೆ. ತಿಂಗಳಿಗೆ ಇಷ್ಟು ಎಂದು ಹಣ, ರಿಪೇರಿಯ ಚಿಂತೆಯಿಲ್ಲ. ಟನಲ್ ಎನ್‌ಕ್ರಿಪ್ಟ್ ಆಗಿದೆ ಎಂಬ ಮಾತನ್ನು ಸಭೆಯಲ್ಲಿ ಎರಡು ಮೂರು ಬಾರಿ ಹೇಳಲಾಯಿತು, ಎಲ್ಲರಿಗೂ ಸಮಾಧಾನವಾಯಿತು. ಆ ಟನಲ್ ತೆರೆದುಕೊಳ್ಳುವುದು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆ ಸಭೆಯಲ್ಲಿ ನಾನೂ ಕೂತಿದ್ದೆ, ನಾನೂ ಕೇಳಲಿಲ್ಲ.

ಸಮಸ್ಯೆ ಬೆಳಕಿಗೆ ಬಂದದ್ದು

ಮೊದಲ ತಿಂಗಳು ಮುಗಿದ ಮೇಲೆ ಕಂಪನಿ ಒಂದು ವರದಿ ಕಳಿಸಿತು. ಯಾವ ಶಾಖೆಯಿಂದ ಎಷ್ಟು ಸಂಚಾರ, ಯಾವ ಜಾಲತಾಣಗಳಿಗೆ ಹೆಚ್ಚು ಭೇಟಿ, ಎಷ್ಟು ದಾಳಿಗಳನ್ನು ತಡೆಯಲಾಯಿತು ಎಂಬ ಬಣ್ಣಬಣ್ಣದ ಚಿತ್ರಗಳಿದ್ದ ಅದನ್ನು ಪ್ರಧಾನ ವ್ಯವಸ್ಥಾಪಕರು ಎಲ್ಲ ಶಾಖೆಗಳಿಗೂ ಇಮೇಲ್ ಮಾಡಿದರು. ಮೂರನೆಯ ದಿನ ಒಂದು ಶಾಖೆಯ ವ್ಯವಸ್ಥಾಪಕಿ ಅದರ ಒಂಬತ್ತನೆಯ ಪುಟವನ್ನು ಪ್ರಿಂಟ್ ತೆಗೆದು, ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದುಕೊಂಡು, ತಾವೇ ಪ್ರಧಾನ ಕಚೇರಿಗೆ ಬಂದರು.

“ಸರ್, ಇದು ನಮ್ಮ ಸದಸ್ಯರ ನಂಬರ್ ಐತ್ರಿ. ಇವ್ರ ಬಂಗಾರ ನಮ್ಮ ಶಾಖೆದಾಗ ಐತಿ. ಇದು ಮುಂಬೈದವ್ರಿಗೆ ಹೆಂಗ್ ಗೊತ್ತಾತ್ರಿ?”

ಆ ಪುಟದಲ್ಲಿ ಹೆಚ್ಚು ಬಾರಿ ಕರೆಯಲಾದ ವಿಳಾಸಗಳ ಪಟ್ಟಿಯಿತ್ತು. ಗೆರೆ ಎಳೆದ ಸಾಲು ಒಂದು ಎಸ್‌ಎಂಎಸ್ ಸೇವೆಯ ವಿಳಾಸ. ಕಂತು ಬಾಕಿಯಿರುವ ಸದಸ್ಯರಿಗೆ ತಂತ್ರಾಂಶವು ತಾನಾಗಿ ಸಂದೇಶ ಕಳಿಸುವಾಗ ಆ ಸೇವೆಯನ್ನು ಕರೆಯುತ್ತಿತ್ತು. ನಮ್ಮಲ್ಲಿ ಬಳಕೆಯಲ್ಲಿರುವ ಬಹಳಷ್ಟು ಹಳೆಯ ತಂತ್ರಾಂಶಗಳಂತೆ ಇದು ಕೂಡ ಮೊಬೈಲ್ ನಂಬರು, ಸಂದೇಶದ ಪೂರ್ಣ ಒಕ್ಕಣೆ, ಸೇವೆಯ ರಹಸ್ಯ ಕೀಲಿ ಮೂರನ್ನೂ ವಿಳಾಸದೊಳಗೇ ತುಂಬಿಸಿ ಕಳಿಸುವ ಗೆಟ್ ವಿಧಾನವನ್ನು ಅನುಸರಿಸುತ್ತಿತ್ತು. ಸಂದೇಶ ಇಂಗ್ಲಿಷಿನಲ್ಲಿತ್ತು. ಪದಗಳ ನಡುವಿನ ಖಾಲಿ ಜಾಗದಲ್ಲಿ ಶೇಕಡಾ ಚಿಹ್ನೆಯೂ 20 ಎಂಬ ಅಂಕಿಯೂ ಕೂತಿದ್ದವು. ಅವನ್ನು ದಾಟಿಕೊಂಡು ಓದಿದರೆ, ನಿಮ್ಮ ಬಂಗಾರ ಸಾಲದ ಅವಧಿ ಮುಗಿದಿದೆ, ಬಡ್ಡಿ ಕಟ್ಟದಿದ್ದರೆ ಹರಾಜಿಗೆ ಕ್ರಮ ಕೈಗೊಳ್ಳಲಾಗುವುದು ಎಂಬ ವಾಕ್ಯ ಸ್ಪಷ್ಟವಾಗಿತ್ತು. ಇದೇ ಸಂದೇಶ ಕನ್ನಡದಲ್ಲಿದ್ದಿದ್ದರೆ ಪ್ರತಿಯೊಂದು ಅಕ್ಷರ ಸಂಕೇತವೂ ಮೂರು ಬೈಟುಗಳಾಗಿ, ವಿಳಾಸದಲ್ಲಿ ಒಂಬತ್ತು ಚಿಹ್ನೆಗಳಾಗಿ ಒಡೆದು, ನೋಡುವವರಿಗೆ ಬರೀ ಅಂಕಿಗಳ ರಾಶಿಯಂತೆ ಕಾಣುತ್ತಿತ್ತು. ಅದನ್ನು ಮತ್ತೆ ಓದಬಲ್ಲ ರೂಪಕ್ಕೆ ತರುವುದು ಯಾವ ತಂತ್ರಜ್ಞನಿಗೂ ಕ್ಷಣದ ಕೆಲಸ, ಆದರೆ ಆ ವ್ಯವಸ್ಥಾಪಕಿಯ ಕಣ್ಣಿಗೆ ಮಾತ್ರ ಅದು ಎಂದೂ ಬೀಳುತ್ತಿರಲಿಲ್ಲ.

ಇದರ ಗಂಭೀರತೆಯನ್ನು ಬೇರೆ ಊರಿನವರಿಗೆ ವಿವರಿಸಬೇಕಾಗಬಹುದು. ತಾಲೂಕು ಊರಿನಲ್ಲಿ ಬಂಗಾರ ಅಡವಿಡುವುದು ಮನೆಯೊಳಗಿನ ಮಾತು. ಮಗಳ ಮದುವೆ ಗೊತ್ತಾಗಿರುವಾಗ, ಬೆಳೆ ಕೈಕೊಟ್ಟಾಗ, ಆಸ್ಪತ್ರೆಯ ಖರ್ಚು ಬಂದಾಗ ಗಂಡ-ಹೆಂಡಿರು ಇಬ್ಬರೇ ಬಂದು, ಗದ್ದಲವಿಲ್ಲದ ಹೊತ್ತು ನೋಡಿ, ಸರ-ಪಾಟಲಿ ಇಟ್ಟು ಹೋಗುತ್ತಾರೆ. ಆ ಸುದ್ದಿ ಬೀಗರ ಮನೆ ಮುಟ್ಟಬಾರದೆಂಬ ಕಾರಣಕ್ಕೇ ಎಷ್ಟೋ ಜನ ತಮ್ಮ ಓಣಿಯ ಶಾಖೆ ಬಿಟ್ಟು ಪಕ್ಕದ ಊರಿನ ಶಾಖೆಗೆ ಹೋಗುತ್ತಾರೆ. ಆ ನಂಬಿಕೆಯ ಮೇಲೆ ನಿಂತ ಸಂಸ್ಥೆಯೊಂದು ಅದೇ ಸುದ್ದಿಯನ್ನು ಹದಿನಾಲ್ಕು ಕಚೇರಿಗಳ ಇಮೇಲಿಗೆ ಹಂಚಿತ್ತು.

ವಿಳಾಸ ಹೊರಗಿನವರಿಗೆ ಕಂಡದ್ದು ಹೇಗೆ? ಎಸ್‌ಎಂಎಸ್ ಸೇವೆಗೆ ಹೋಗುತ್ತಿದ್ದ ಸಂಪರ್ಕ ಟಿಎಲ್‌ಎಸ್ (ಜಾಲತಾಣಗಳೊಂದಿಗಿನ ಸಂಪರ್ಕವನ್ನು ಮರೆಮಾಡುವ ವಿಧಾನ) ಎನ್‌ಕ್ರಿಪ್ಷನ್ ಉಳ್ಳದ್ದೇ ಆಗಿತ್ತು. ಸಾಮಾನ್ಯವಾಗಿ ದಾರಿಯ ನಡುವೆ ನಿಂತವರಿಗೆ ಸರ್ವರಿನ ಹೆಸರು ಮಾತ್ರ ಕಾಣುತ್ತದೆ, ಅದರ ಮುಂದಿನ ವಿಳಾಸ ಕಾಣುವುದಿಲ್ಲ. ಆದರೆ ಈ ಸೇವೆಯಲ್ಲಿ ವೈರಸ್ ಹುಡುಕುವ ಸಲುವಾಗಿ ಎನ್‌ಕ್ರಿಪ್ಟ್ ಆದ ಸಂಚಾರವನ್ನು ಕ್ಲೌಡ್‌ನಲ್ಲಿ ಬಿಚ್ಚಿ, ನೋಡಿ, ಮತ್ತೆ ಮುಚ್ಚಿ ಕಳಿಸುವ ಏರ್ಪಾಡು ಮೊದಲಿನಿಂದಲೇ ಚಾಲೂ ಇತ್ತು. ಅದಕ್ಕಾಗಿ ಕಂಪನಿ ಜಾಲತಾಣಗಳ ಗುರುತನ್ನು ದೃಢೀಕರಿಸುವ ತನ್ನ ಮೂಲ ಸರ್ಟಿಫಿಕೇಟನ್ನು ಸಹಕಾರಿಯ ಪ್ರತಿ ಕಂಪ್ಯೂಟರಿನಲ್ಲೂ, ಸರ್ವರಿನಲ್ಲೂ ಸೇರಿಸಿತ್ತು. ಒಮ್ಮೆ ಅದನ್ನು ನಂಬಿದ ಕಂಪ್ಯೂಟರ್, ಕ್ಲೌಡ್ ಒಡ್ಡುವ ಯಾವ ಜಾಲತಾಣದ ನಕಲು ಸರ್ಟಿಫಿಕೇಟನ್ನಾದರೂ ನಿಜವೆಂದೇ ಒಪ್ಪುತ್ತದೆ. ಬ್ರೌಸರಿನಲ್ಲಿ ಬೀಗದ ಗುರುತು ಮೊದಲಿನಂತೆಯೇ ಕಾಣುತ್ತದೆ. ಬ್ಯಾಂಕಿನ ಪಾಸ್‌ವರ್ಡು, ಸಿಬ್ಬಂದಿಯ ಸ್ವಂತ ಇಮೇಲು, ಸಾಲ ಮಾಹಿತಿಯ ವಿಚಾರಣೆ ಎಲ್ಲವೂ ಆ ಒಂದು ಜಾಗದಲ್ಲಿ ಬಯಲಾಗುತ್ತವೆ.

ಮೊದಲ ಪ್ರಯತ್ನ, ಮೊದಲ ಸೋಲು

ಆ ದಿನ ಸಂಜೆಯೇ ಎಸ್‌ಎಂಎಸ್ ಸೇವೆಯ ರಹಸ್ಯ ಕೀಲಿಯನ್ನು ಬದಲಿಸಲಾಯಿತು, ವರದಿಯನ್ನು ಅಳಿಸುವಂತೆ ಶಾಖೆಗಳಿಗೆ ತಿಳಿಸಲಾಯಿತು. ಕಂಪನಿಗೆ ಪತ್ರ ಬರೆದು ಎರಡು ಬೇಡಿಕೆ ಇಟ್ಟೆವು. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಮಾಡಬೇಕು, ನಮ್ಮ ಲಾಗ್‌ಗಳನ್ನು, ಅಂದರೆ ಸಂಚಾರದ ದಾಖಲೆಗಳನ್ನು, ಇಡುವುದನ್ನೇ ನಿಲ್ಲಿಸಬೇಕು.

ಒಪ್ಪಂದಕ್ಕೆ ಅವರು ತಕ್ಷಣ ಒಪ್ಪಿದರು. ಲಾಗ್ ನಿಲ್ಲಿಸಲು ಸಾಧ್ಯವಿಲ್ಲ ಎಂದರು, ಮತ್ತು ಆ ಮಾತಿನಲ್ಲಿ ಅವರದೇ ಸರಿ. ಸೈಬರ್ ಭದ್ರತೆಯ ಕೇಂದ್ರ ಸರ್ಕಾರಿ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸೇವಾದಾರರೂ ಸಂಸ್ಥೆಗಳೂ ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಇಡಬೇಕು. ಭದ್ರತೆಗೆ ಧಕ್ಕೆ ಬಂದರೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್ ಇಲ್ಲದೆ ಆ ವರದಿಯಲ್ಲಿ ಬರೆಯುವುದಾದರೂ ಏನು? ಕೋಪದಲ್ಲಿ ಇಟ್ಟ ಬೇಡಿಕೆಯದು. ಲಾಗಿನೊಳಗೆ ಏನಿರಬೇಕು, ಅದು ಯಾರ ಬಳಿ ಇರಬೇಕು ಎಂದು ಕೇಳಬೇಕಾದ ಜಾಗದಲ್ಲಿ ಲಾಗೇ ಬೇಡ ಎಂದುಬಿಟ್ಟಿದ್ದೆವು.

ಒಪ್ಪಂದದ ಬಗ್ಗೆಯೂ ಭ್ರಮೆ ಬೇಗ ಕರಗಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದರೂ ಜನರಿಂದ ಮಾಹಿತಿ ಪಡೆದ ಸಂಸ್ಥೆಯೇ ಹೊಣೆಗಾರ. ಅದಕ್ಕೆ ವಿರುದ್ಧವಾಗಿ ಯಾವ ಒಪ್ಪಂದ ಮಾಡಿಕೊಂಡರೂ ಹೊಣೆ ತಪ್ಪುವುದಿಲ್ಲ. ತಕ್ಕ ಸುರಕ್ಷತಾ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಮಂಡಳಿಯ ಸಭೆಯಲ್ಲಿ ನಾನು ಇದನ್ನು ಓದಿ ಹೇಳಿದೆ. ಆದರೆ ಸಭೆಯ ಮನಸ್ಸು ತಿರುಗಿಸಿದ್ದು ಕಾಯ್ದೆಯಲ್ಲ, ಹಿರಿಯ ನಿರ್ದೇಶಕರೊಬ್ಬರ ಮಾತು.

“ಸ್ಟ್ರಾಂಗ್ ರೂಮಿನ ಕೀಲಿ ಒಬ್ರ ಕೈಯಾಗ ಕೊಡಂಗಿಲ್ಲಂತ ನಾವ ರೂಲ್ ಮಾಡೀವಿ. ಮ್ಯಾನೇಜರ್ ಹತ್ರ ಒಂದು, ಕ್ಯಾಶಿಯರ್ ಹತ್ರ ಒಂದು. ಇಲ್ಲಿ ನೋಡಿದ್ರ ಎರಡೂ ಕೀಲಿ ಹೊರಗಿನವ್ರಿಗೆ ಕೊಟ್ಟ ಕುಂತೀವಿ.”

ಆ ಮಾತಿನಿಂದ ನಮ್ಮ ಪ್ರಶ್ನೆಯೇ ಬದಲಾಯಿತು. ಕಂಪನಿಯನ್ನು ನಂಬಬೇಕೋ ಬೇಡವೋ ಎಂದು ಅಲ್ಲಿಯವರೆಗೆ ಚರ್ಚಿಸುತ್ತಿದ್ದೆವು. ಅಲ್ಲಿಂದ ಮುಂದೆ, ಒಂದೊಂದು ಕೆಲಸಕ್ಕೂ ಕಂಪನಿ ಏನನ್ನು ನೋಡಲೇಬೇಕು, ಎರಡನೆಯ ಕೀಲಿಯನ್ನು ನಾವು ಎಲ್ಲಿ ಇಟ್ಟುಕೊಳ್ಳಬಹುದು ಎಂದು ಚರ್ಚಿಸತೊಡಗಿದೆವು.

ಒಂದೊಂದು ಕೆಲಸವನ್ನೂ ಬಿಡಿಸಿ ನೋಡಿದಾಗ

ಫೈರ್‌ವಾಲಿಗೆ ಬೇಕಾದದ್ದು ಐದೇ ಅಂಶ: ಎಲ್ಲಿಂದ, ಎಲ್ಲಿಗೆ, ಎರಡೂ ತುದಿಯ ಪೋರ್ಟ್ ಸಂಖ್ಯೆ, ಮತ್ತು ಯಾವ ಪ್ರೋಟೋಕಾಲ್. ಪ್ಯಾಕೆಟ್ಟಿನ, ಅಂದರೆ ಜಾಲದಲ್ಲಿ ಸಾಗುವ ಮಾಹಿತಿಯ ತುಣುಕಿನ, ಒಡಲಲ್ಲಿ ಏನಿದೆ ಎಂಬುದು ಅದಕ್ಕೆ ಬೇಡವೇ ಬೇಡ. ಜಾಲತಾಣ ಸೋಸಲು ತಾಣದ ಹೆಸರು ಸಾಕು. ಅದು ಟಿಎಲ್‌ಎಸ್ ಸಂಪರ್ಕದ ಮೊದಲ ಸಂದೇಶದಲ್ಲಿಯೇ ಸಿಗುತ್ತದೆ. 2018ರಲ್ಲಿ ಬಂದ ಟಿಎಲ್‌ಎಸ್ 1.3 ಆವೃತ್ತಿ ಸರ್ವರಿನ ಸರ್ಟಿಫಿಕೇಟನ್ನು ಮರೆಮಾಡಿದರೂ ಆ ಹೆಸರನ್ನು ತೆರೆದೇ ಬಿಟ್ಟಿದೆ. ಒಡಲನ್ನು ನೋಡಲೇಬೇಕಾದ ಕೆಲಸ ಒಂದೇ, ವೈರಸ್ ಮತ್ತು ದಾಳಿಯ ಕುರುಹುಗಳ ಹುಡುಕಾಟ. ಆ ಒಂದಕ್ಕಾಗಿ ಎಲ್ಲವನ್ನೂ ಬಿಚ್ಚಿಟ್ಟಿದ್ದೆವು.

ಬಿಚ್ಚದೆಯೇ ಹುಡುಕುವ ದಾರಿ ಇದೆಯೇ ಎಂದು ಕೆಲವು ವಾರ ಓದಿದೆ. ಬರ್ಕ್ಲಿಯ ಸಂಶೋಧಕರು 2015ರಲ್ಲಿ ಬ್ಲೈಂಡ್‌ಬಾಕ್ಸ್ ಎಂಬ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಸಂಚಾರ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ, ನಡುವಿನ ಪೆಟ್ಟಿಗೆ ದಾಳಿಯ ಕುರುಹು ಇದೆಯೋ ಇಲ್ಲವೋ ಎಂಬುದನ್ನಷ್ಟೇ ತಿಳಿಯುತ್ತದೆ. ಆದರೆ ಸಾವಿರಾರು ನಿಯಮಗಳಿದ್ದರೆ ಪ್ರತಿ ಹೊಸ ಸಂಪರ್ಕವನ್ನು ಅಣಿಗೊಳಿಸಲು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು, ಸಂಪರ್ಕದ ಎರಡೂ ತುದಿಗಳಲ್ಲಿ ಹೊಸ ತಂತ್ರಾಂಶವೂ ಬೇಕು. ಮರುವರ್ಷದ ಎಂಬಾರ್ಕ್ ಎಂಬ ವಿನ್ಯಾಸವು ಕ್ಲೌಡ್‌ಗೆ ವಹಿಸಿದ ಜಾಲ ಕೆಲಸಗಳನ್ನೇ ಗುರಿಯಾಗಿಟ್ಟುಕೊಂಡಿತ್ತು. ಸಂಸ್ಥೆಯ ಬಾಗಿಲಲ್ಲಿ ಸಂಸ್ಥೆಯದೇ ಒಂದು ಗೇಟ್‌ವೇ ಇರುತ್ತದೆ, ಅದು ಹೊರಗೆ ಹೋಗುವ ಮುನ್ನವೇ ಸಂಚಾರವನ್ನು ಮರೆಮಾಡುತ್ತದೆ, ಕ್ಲೌಡ್ ಆ ಮರೆಮಾಡಿದ ರೂಪದ ಮೇಲೆಯೇ ತನ್ನ ಕೆಲಸ ಮಾಡುತ್ತದೆ. ಪ್ರೊಸೆಸರಿನೊಳಗಿನ ಸುರಕ್ಷಿತ ಆವರಣದಲ್ಲಿ, ಕ್ಲೌಡ್ ನಡೆಸುವವರಿಗೂ ಕಾಣದಂತೆ, ಈ ಕೆಲಸ ನಡೆಸುವ ವಿನ್ಯಾಸಗಳೂ ಆ ಮೇಲೆ ಬಂದವು. ನಮ್ಮ ಕಂಪನಿಯಲ್ಲಿ ಇವು ಯಾವುವೂ ಸಿಗುತ್ತಿರಲಿಲ್ಲ. ಹದಿನಾಲ್ಕು ಕಚೇರಿಗಳ ಸಹಕಾರಿಯೊಂದು ಸಂಶೋಧನೆಯ ಮಾದರಿಗಳನ್ನು ತಾನೇ ಕಟ್ಟಿ ನಡೆಸುವುದೂ ಆಗದ ಮಾತು. ಆದರೂ ಆ ಓದು ವ್ಯರ್ಥವಾಗಲಿಲ್ಲ. ಬಾಗಿಲಲ್ಲಿ ನಮ್ಮದೇ ಗೇಟ್‌ವೇ ಇರಬೇಕು, ಮರೆಮಾಡುವ ಕೆಲಸ ಹೊಸ್ತಿಲು ದಾಟುವ ಮುನ್ನವೇ ಮುಗಿಯಬೇಕು ಎಂಬ ತತ್ತ್ವವನ್ನು ಅಲ್ಲಿಂದ ತೆಗೆದುಕೊಂಡೆವು.

ಎರಡನೆಯ ಪ್ರಯತ್ನ

ಮೊದಲು ಬಿಚ್ಚಿ ನೋಡುವ ಏರ್ಪಾಡನ್ನು ಪೂರ್ತಿ ನಿಲ್ಲಿಸಿ, ಕಂಪನಿಯ ಮೂಲ ಸರ್ಟಿಫಿಕೇಟನ್ನು ಎಲ್ಲ ಕಂಪ್ಯೂಟರುಗಳಿಂದ ತೆಗೆಸಿದೆವು. ಹೀಗೆ ಮಾಡಿದರೆ ವೈರಸ್ಸಿಗೆ ತಾವು ಹೊಣೆಯಲ್ಲವೆಂದು ಕಂಪನಿ ಲಿಖಿತವಾಗಿ ತಿಳಿಸಿತು. ಅದು ಬರೀ ಬೆದರಿಕೆಯಾಗಿರಲಿಲ್ಲ. ಎರಡು ವಾರದೊಳಗೆ ಒಂದು ಶಾಖೆಯ ಗುಮಾಸ್ತರು ಪಾಸ್‌ಬುಕ್ ಪ್ರಿಂಟರಿನ ಡ್ರೈವರ್ ಹುಡುಕುತ್ತಾ ನಕಲಿ ತಾಣವೊಂದರಿಂದ ಫೈಲ್ ಇಳಿಸಿಕೊಂಡರು. ಕಂಪ್ಯೂಟರಿನಲ್ಲಿದ್ದ ಆಂಟಿವೈರಸ್ ಅದನ್ನು ಹಿಡಿಯಿತು. ಹಿಡಿಯದೇ ಹೋಗಿದ್ದರೆ ಈ ಬರಹ ಬೇರೆ ರೀತಿಯಲ್ಲಿ ಮುಂದುವರಿಯುತ್ತಿತ್ತು. ಅದಾದ ಮೇಲೆ ಕ್ಲೌಡ್‌ನಲ್ಲಿ ಉಳಿಸಿದ ಹಣದ ಒಂದು ಪಾಲನ್ನು ಪ್ರತಿ ಕಂಪ್ಯೂಟರಿನ ಮೇಲಿನ ರಕ್ಷಣಾ ತಂತ್ರಾಂಶಕ್ಕೆ ವೆಚ್ಚ ಮಾಡಿ, ಗುಮಾಸ್ತರ ಖಾತೆಗಳಿಂದ ಹೊಸ ತಂತ್ರಾಂಶ ಹಾಕುವ ಅಧಿಕಾರವನ್ನು ತೆಗೆಯಲಾಯಿತು. ಒಡಲನ್ನು ನೋಡುವ ಕೆಲಸ ಕಂಪ್ಯೂಟರಿನಲ್ಲಿಯೇ ಆಗಲಿ, ಅಲ್ಲಿ ಸಂಚಾರ ಹೇಗಿದ್ದರೂ ಬಿಚ್ಚಿಕೊಂಡೇ ಇರುತ್ತದೆ, ಹೊಸದಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ನಮ್ಮ ಲೆಕ್ಕ.

ಎಸ್‌ಎಂಎಸ್ ಕಳಿಸುವ ಭಾಗವನ್ನು ತಂತ್ರಾಂಶದವರು ಪೋಸ್ಟ್ ವಿಧಾನಕ್ಕೆ ಬದಲಿಸಿದರು. ನಂಬರೂ ಒಕ್ಕಣೆಯೂ ವಿಳಾಸದಿಂದ ಹೊರಬಂದವು. ಒಕ್ಕಣೆಯಲ್ಲಿಯೂ ಬಂಗಾರ ಎಂಬ ಪದವನ್ನು ಬಿಟ್ಟು, ನಿಮ್ಮ ಖಾತೆಯ ಕುರಿತು ಶಾಖೆಯನ್ನು ಸಂಪರ್ಕಿಸಿ ಎಂದಷ್ಟೇ ಬರೆಯಲಾಯಿತು. ಅದಕ್ಕೆ, ಸಂಸ್ಥೆಗಳು ಕಳಿಸುವ ಎಸ್‌ಎಂಎಸ್ ಮಾದರಿಗಳನ್ನು ದಾಖಲಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಹೊಸ ಮಾದರಿಯನ್ನು ನೋಂದಾಯಿಸಿ ಒಪ್ಪಿಗೆ ಪಡೆಯಬೇಕಾಯಿತು. ಒಂದೇ ಮೊಬೈಲನ್ನು ಮನೆಮಂದಿಯೆಲ್ಲ ನೋಡುವ ನಮ್ಮ ಕಡೆ ಈ ಎರಡನೆಯ ಬದಲಾವಣೆ ಮೊದಲನೆಯದಕ್ಕಿಂತ ಹೆಚ್ಚು ಮುಖ್ಯವಾದದ್ದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮುಂದಿನ ಹೆಜ್ಜೆಯಲ್ಲಿ ನಾನೇ ಎಡವಿದೆ. ಶಾಖೆಯ ಒಳಗಿನ ಐಪಿ ವಿಳಾಸಗಳು ಕ್ಲೌಡ್‌ಗೆ ಕಾಣಬಾರದೆಂದು, ಶಾಖೆಯ ರೌಟರಿನಲ್ಲಿಯೇ ಪ್ರತಿ ಕಂಪ್ಯೂಟರಿಗೂ ಒಂದೊಂದು ಬದಲಿ ವಿಳಾಸ ಕೊಟ್ಟು, ಅವುಗಳ ಪಟ್ಟಿಯನ್ನು ಪ್ರಧಾನ ಕಚೇರಿಯಲ್ಲಿ ಮಾತ್ರ ಇಟ್ಟೆವು. ಜಾಲದ ವಿಂಗಡಣೆ ಕೆಡದಂತೆ ವಿಳಾಸಗಳನ್ನು ಮರೆಮಾಡುವ ಕ್ರಿಪ್ಟೋ-ಪ್ಯಾನ್ ಎಂಬ ವಿಧಾನ 2002ರಲ್ಲಿಯೇ ಪ್ರಕಟವಾಗಿದೆ, ನಮ್ಮದು ಅದರ ಸರಳ ಅನುಕರಣೆ. ಕ್ಲೌಡ್‌ನಿಂದ ಎಚ್ಚರಿಕೆ ಬಂದರೆ ಪಟ್ಟಿ ನೋಡಿ ಯಾವ ಕಂಪ್ಯೂಟರ್ ಎಂದು ತಿಳಿಯಬಹುದು, ಹೊರಗಿನವರಿಗೆ ತಿಳಿಯದು. ಕಾಗದದ ಮೇಲೆ ಇದು ಚೆನ್ನಾಗಿಯೇ ಇತ್ತು. ಆದರೆ ಒಂದು ಮಧ್ಯಾಹ್ನ ಪಟ್ಟಿಯನ್ನು ಪಕ್ಕಕ್ಕಿಟ್ಟು, ಬರೀ ಕ್ಲೌಡ್‌ನ ಡ್ಯಾಶ್‌ಬೋರ್ಡ್ ನೋಡುತ್ತಾ ಯಾವುದು ಯಾರ ಕಂಪ್ಯೂಟರ್ ಎಂದು ಊಹಿಸಲು ಕುಳಿತೆ. ನಾಲ್ಕು ಕಂಪ್ಯೂಟರಿನ ಶಾಖೆಯಲ್ಲಿ ಬೆಳಿಗ್ಗೆ ಮೊದಲು ಚಾಲೂ ಆಗುವುದು ಕ್ಯಾಶಿಯರದು. ಸಾಲ ಮಾಹಿತಿ ಸಂಸ್ಥೆಯ ತಾಣಕ್ಕೆ ಹೋಗುವುದು ವ್ಯವಸ್ಥಾಪಕರದು ಮಾತ್ರ. ಬಂಗಾರದ ದಿನದ ದರ ನೋಡುವುದು ಸಾಲದ ಕೌಂಟರಿನದು. ಅರ್ಧ ಗಂಟೆಯಲ್ಲಿ ನಾಲ್ಕನ್ನೂ ಸರಿಯಾಗಿ ಗುರುತಿಸಿದೆ. ಸಾವಿರಾರು ಯಂತ್ರಗಳ ನಡುವೆ ಬದಲಿ ಹೆಸರು ಮರೆಯಾದೀತು. ನಾಲ್ಕರ ನಡುವೆ ಅದು ನಿಂತದ್ದು ಅರ್ಧ ಗಂಟೆ.

ಅಲ್ಲಿಂದ ಹೊಳೆದದ್ದು ಸರಳವಾದ ಸಂಗತಿ: ಕಳಿಸಬೇಕಾಗಿಯೇ ಇಲ್ಲದ ಸಂಚಾರವನ್ನು ಕಳಿಸುತ್ತಿದ್ದೇವೆ, ಕಳಿಸಿದ ಮೇಲೆ ಅದನ್ನು ಮರೆಮಾಡಲು ಹೆಣಗುತ್ತಿದ್ದೇವೆ. ಬಹುತೇಕ ಶಾಖೆಗಳಿಗೂ ಪ್ರಧಾನ ಕಚೇರಿಗೂ ನಡುವೆ ಮೂವತ್ತು ನಲವತ್ತು ಕಿಲೋಮೀಟರ್ ದೂರ. ಸಹಕಾರಿಯ ಲೆಕ್ಕಪತ್ರದ ಸಂಚಾರ ಆ ದೂರ ಕ್ರಮಿಸಲು ಮುಂಬೈಗೆ ಹೋಗಿ ಬರುತ್ತಿತ್ತು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ ವಿಳಂಬ ಕೆಲವೇ ಮಿಲಿಸೆಕೆಂಡುಗಳಷ್ಟು, ಕೌಂಟರಿನಲ್ಲಿ ಯಾರಿಗೂ ಅದು ಅರಿವಿಗೆ ಬರುತ್ತಿರಲಿಲ್ಲ. ಅರಿವಿಗೆ ಬಾರದ ಕಾರಣದಿಂದಲೇ ಯಾರೂ ಪ್ರಶ್ನಿಸಿರಲಿಲ್ಲ.

ನೇರ ಟನಲ್ ಮತ್ತು ಗಟಾರದ ಜೆಸಿಬಿ

ಪ್ರತಿ ಶಾಖೆಯಿಂದ ಪ್ರಧಾನ ಕಚೇರಿಗೆ ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಎನ್‌ಕ್ರಿಪ್ಟ್ ಆದ ಟನಲ್ ಹಾಕಿ, ಅದರ ಕೀಲಿಗಳನ್ನು ನಾವೇ ಸೃಷ್ಟಿಸಿ ನಮ್ಮಲ್ಲಿಯೇ ಇಟ್ಟುಕೊಂಡು, ಒಳಗಿನ ಸಂಚಾರವನ್ನೆಲ್ಲ ನೇರವಾಗಿ ಹರಿಸಿದೆವು. ಇಂಟರ್ನೆಟ್ಟಿಗೆ ಹೋಗುವುದು ಮಾತ್ರ ಕ್ಲೌಡ್ ದಾರಿ ಹಿಡಿಯಿತು. ಎಲ್ಲವೂ ಒಂದೇ ಪರದೆಯ ಮೇಲೆ ಕಾಣಬೇಕೆಂದು ಬಯಸಿದ್ದ ಪ್ರಧಾನ ವ್ಯವಸ್ಥಾಪಕರಿಗೆ ಇದು ಹಿಂದಕ್ಕೆ ಹೋದಂತೆ ಕಂಡಿತು. ಅವರ ಆಕ್ಷೇಪಕ್ಕೆ ತೂಕವಿತ್ತೆಂಬುದು ಏಳು ವಾರದ ಮೇಲೆ ಗೊತ್ತಾಯಿತು. ಪ್ರಧಾನ ಕಚೇರಿಯ ಮುಂದೆ ಗಟಾರದ ಕೆಲಸಕ್ಕೆ ಬಂದ ಜೆಸಿಬಿ ಎರಡೂ ಕಂಪನಿಗಳ ಫೈಬರನ್ನು ಒಂದೇ ಏಟಿಗೆ ಕತ್ತರಿಸಿತು. ಬೇರೆ ಬೇರೆ ಕಂಪನಿಯವಾದರೂ ಎರಡೂ ಒಂದೇ ತಗ್ಗಿನಲ್ಲಿ ಮಲಗಿದ್ದವು. ಕಬ್ಬಿನ ಬಿಲ್ಲು ಜಮೆಯಾದ ದಿನವದು. ಮೂರು ತಾಸು ಎಲ್ಲ ಶಾಖೆಗಳಲ್ಲಿ ಸಾಲು ನಿಂತಿತು, ಕೆಲವು ಕಡೆ ಕೈಬರಹದ ರಸೀದಿ ಕೊಟ್ಟು ಕಳಿಸಿದರು.

ಮಂಡಳಿಯಲ್ಲಿ ಮತ್ತೆ ಎಲ್ಲವನ್ನೂ ಕ್ಲೌಡ್‌ಗೇ ಕೊಡೋಣ ಎಂಬ ಮಾತು ಬಂತು. ಈ ಪ್ರಕರಣದಲ್ಲಿ ಮಾಡಿದ ಕೆಲಸವೆಲ್ಲ ಕೈಬಿಟ್ಟು ಹೋಗಬಹುದಾಗಿದ್ದ ಘಳಿಗೆ ಅದೊಂದೇ. ಖಾಸಗಿತನಕ್ಕಾಗಿ ಸೇವೆ ನಿಲ್ಲುತ್ತದೆ ಎಂದಾದರೆ ಯಾವ ಸಂಸ್ಥೆಯೂ ಖಾಸಗಿತನವನ್ನು ಆರಿಸುವುದಿಲ್ಲ, ಕೌಂಟರಿನ ಮುಂದೆ ನಿಂತ ರೈತನೂ ಆರಿಸುವುದಿಲ್ಲ. ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸುವ ಸ್ಥಿತಿಯನ್ನೇ ತಪ್ಪಿಸಬೇಕಿತ್ತು. ಬೆಳಗಾವಿಯ ಶಾಖೆಯಲ್ಲಿ ಎರಡನೆಯ ಗೇಟ್‌ವೇಯನ್ನೂ ಸರ್ವರಿನ ಪ್ರತಿಯನ್ನೂ ಇಟ್ಟೆವು. ನೇರ ದಾರಿ ಕಡಿದಾಗ ಒಳಗಿನ ಸಂಚಾರ ಕ್ಲೌಡ್ ಮೂಲಕವೇ ಅಲ್ಲಿಗೆ ಹೋಗಲಿ, ಆದರೆ ನಮ್ಮ ಕೀಲಿಯ ಟನಲ್ಲಿನೊಳಗೆ ಅಡಗಿಕೊಂಡು ಹೋಗಲಿ ಎಂದು ಏರ್ಪಾಡು ಮಾಡಿದೆವು. ಕ್ಲೌಡ್ ಅಲ್ಲಿ ಹಮಾಲಿಯಂತೆ ಮೂಟೆ ಹೊರುತ್ತದೆ, ಮೂಟೆ ಬಿಚ್ಚುವುದಿಲ್ಲ.

ಇದನ್ನು ಅನುಸರಿಸುವವರು ಒಂದು ತೊಡಕನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪರೀಕ್ಷೆಯ ದಿನ ಲಾಗಿನ್ ಆಗುತ್ತಿತ್ತು, ಖಾತೆಯ ಬಾಕಿ ಕಾಣುತ್ತಿತ್ತು, ಆದರೆ ವರ್ಷದ ಖಾತೆ ಉತಾರೆ ತೆಗೆಯಲು ಹೋದರೆ ಪರದೆ ನಿಂತುಬಿಡುತ್ತಿತ್ತು. ಟನಲ್ಲಿನೊಳಗೆ ಟನಲ್ ಹಾಕಿದಾಗ ಎರಡೂ ತಮ್ಮ ತಮ್ಮ ತಲೆಬರಹಗಳನ್ನು ಸೇರಿಸುತ್ತವೆ, 1500 ಬೈಟಿನ ಮಿತಿಯೊಳಗೆ ಪೂರ್ಣ ಗಾತ್ರದ ಪ್ಯಾಕೆಟ್ಟು ಹಿಡಿಸದೆ ಬಿದ್ದುಹೋಗುತ್ತದೆ, ಸಣ್ಣವು ಮಾತ್ರ ದಾಟುತ್ತವೆ. ಒಳಗಿನ ಟನಲ್ಲಿನ ಪ್ಯಾಕೆಟ್ಟಿನ ಗಾತ್ರದ ಮಿತಿಯನ್ನು 1280 ಬೈಟಿಗೆ ಇಳಿಸಿದ ಮೇಲೆ ಸರಿಹೋಯಿತು. ಕಾರಣ ಹುಡುಕಲು ಒಂದಿಡೀ ದಿನ ಹೋಗಿತ್ತು.

ಹೆಸರು, ನಿಯಮ, ಲಾಗ್

ಡಿಎನ್‌ಎಸ್, ಅಂದರೆ ತಾಣದ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಯ ವಿಷಯವನ್ನು ನಾವು ಕೊನೆಗೆ ಕೈಗೆತ್ತಿಕೊಂಡೆವು, ಮೊದಲೇ ಎತ್ತಿಕೊಳ್ಳಬೇಕಿತ್ತು. ಯಾವ ಶಾಖೆ ಯಾವ ಹೊತ್ತಿಗೆ ಯಾವ ತಾಣದ ಹೆಸರು ಕೇಳಿತು ಎಂಬ ಪಟ್ಟಿಯೊಂದರಿಂದಲೇ ಸಂಸ್ಥೆಯ ದಿನಚರಿಯನ್ನು ಓದಬಹುದು. ಕ್ಲೌಡ್‌ನ ಡಿಎನ್‌ಎಸ್ ಸೇವೆ ಕೆಟ್ಟ ತಾಣಗಳನ್ನು ತಡೆಯುತ್ತಿತ್ತು, ಆದರೆ ಅದಕ್ಕಾಗಿ ಪ್ರತಿ ಪ್ರಶ್ನೆಯನ್ನೂ ಕೇಳಿಸಿಕೊಳ್ಳುತ್ತಿತ್ತು. ಅದರ ಬದಲು ಕೆಟ್ಟ ತಾಣಗಳ ಪಟ್ಟಿಯನ್ನೇ ಆರ್‌ಪಿಝಡ್ ಎಂಬ, ಡಿಎನ್‌ಎಸ್ ಸರ್ವರ್ ನೇರವಾಗಿ ಬಳಸಬಲ್ಲ ರೂಪದಲ್ಲಿ ನಮ್ಮ ಸರ್ವರಿಗೆ ತರಿಸಿಕೊಂಡು, ಹೆಸರು ಹುಡುಕುವ ಕೆಲಸವನ್ನು ನಾವೇ ಮಾಡತೊಡಗಿದೆವು. ಪಟ್ಟಿ ನಮ್ಮ ಬಳಿ ಬರುತ್ತದೆ, ನಮ್ಮ ಪ್ರಶ್ನೆ ಪಟ್ಟಿಯ ಒಡೆಯನ ಬಳಿಗೆ ಹೋಗುವುದಿಲ್ಲ. ಹೊರಗೆ ಕೇಳಲೇಬೇಕಾದಾಗಲೂ ಪ್ರತಿ ಹಂತದ ಸರ್ವರಿಗೆ ಹೆಸರಿನ ಅಗತ್ಯ ಭಾಗವನ್ನಷ್ಟೇ ಹೇಳುವ ವ್ಯವಸ್ಥೆಯನ್ನು ಅಳವಡಿಸಲಾಯಿತು. ನಡೆಸಲು ಇದಕ್ಕಿಂತ ಅಗ್ಗದ ಬದಲಾವಣೆ ಈ ಇಡೀ ಪ್ರಕರಣದಲ್ಲಿ ಬೇರೊಂದಿರಲಿಲ್ಲ.

ಫೈರ್‌ವಾಲ್ ನಿಯಮಗಳ ಹೆಸರುಗಳೂ ಬಾಯಿಬಡುಕವಾಗಿದ್ದವು. ಬಂಗಾರ ಸಾಲದ ಸರ್ವರ್, ಅಧ್ಯಕ್ಷರ ಲ್ಯಾಪ್‌ಟಾಪ್, ಸಿಸಿಟಿವಿ ರೆಕಾರ್ಡರ್ ಎಂದು ನಮ್ಮವರೇ ಅಕ್ಕರೆಯಿಂದ ಹೆಸರಿಟ್ಟಿದ್ದರು. ನಿಯಮಗಳ ಪಟ್ಟಿಯೇ ಸಂಸ್ಥೆಯ ಒಳಮನೆಯ ನಕ್ಷೆಯಾಗಿತ್ತು. ಅವಕ್ಕೆಲ್ಲ ಸಂಕೇತ ಸಂಖ್ಯೆ ಕೊಟ್ಟೆವು. ಪೂರ್ಣ ಲಾಗ್‌ಗಳು 180 ದಿನ ಪ್ರಧಾನ ಕಚೇರಿಯಲ್ಲಿ, ಎರಡು ಪಾಸ್‌ವರ್ಡುಗಳು ಕೂಡಿದರೆ ಮಾತ್ರ ತೆರೆಯುವಂತೆ ಉಳಿದವು. ಕ್ಲೌಡ್‌ನ ಲಾಗಿನಲ್ಲಿ ತಾಣದ ಹೆಸರಿನಿಂದಾಚೆಯ ವಿಳಾಸ ಇರಬಾರದೆಂದೂ, ಕಂಪನಿಯ ಸಹಾಯ ಸಿಬ್ಬಂದಿ ನಮ್ಮ ಡ್ಯಾಶ್‌ಬೋರ್ಡ್ ತೆರೆಯಲು ಪ್ರತಿ ಬಾರಿಯೂ ಅವಧಿ ನಿಗದಿಯಾದ ಒಪ್ಪಿಗೆ ಪಡೆಯಬೇಕೆಂದೂ ಒಪ್ಪಂದ ತಿದ್ದಲಾಯಿತು. ಮಾಸಿಕ ವರದಿ ಈಗ ಒಬ್ಬರಿಗೇ ಬರುತ್ತದೆ. ಪೆನ್ಸಿಲ್ ಗೆರೆ ಎಳೆದ ಆ ವ್ಯವಸ್ಥಾಪಕಿ ಅದನ್ನು ಮೊದಲು ಓದಿ, ನಂತರ ಮಂಡಳಿಯ ಮುಂದಿಡುತ್ತಾರೆ. ಅವರಿಗೆ ಜಾಲ ತಂತ್ರಜ್ಞಾನದ ತರಬೇತಿಯಿಲ್ಲ, ಸದಸ್ಯರ ಪರಿಚಯವಿದೆ. ಯಾವ ಅಂಕಿ ಯಾರದೆಂದು ಗುರುತಿಸಬಲ್ಲವರು ವರದಿಯನ್ನು ಓದಿದ್ದರಿಂದಲೇ ಸಮಸ್ಯೆ ಹೊರಬಂದದ್ದು. ನಾನೂ ಆ ವರದಿ ಓದಿದ್ದೆ, ನನಗೆ ಅದು ಬರೀ ಉದ್ದನೆಯ ವಿಳಾಸವಾಗಿತ್ತು.

ಉಳಿದದ್ದು

ಎಲ್ಲವೂ ಮುಚ್ಚಿಹೋಗಿಲ್ಲ. ಇಂಟರ್ನೆಟ್ಟಿಗೆ ಹೋಗುವ ಸಂಚಾರದ ಗಾತ್ರವೂ ಹೊತ್ತೂ ಕಂಪನಿಗೆ ಈಗಲೂ ಕಾಣುತ್ತವೆ. ಸಾಲ ಮಾಹಿತಿ ಸಂಸ್ಥೆಯ ತಾಣಕ್ಕೆ ಒಂದು ದಿನ ಎಷ್ಟು ಬಾರಿ ಸಂಪರ್ಕವಾಯಿತು ಎಂಬುದನ್ನು ನೋಡಿ, ಆ ದಿನ ಆ ಶಾಖೆಯಲ್ಲಿ ಎಷ್ಟು ಹೊಸ ಸಾಲದ ಅರ್ಜಿಗಳಿದ್ದವೆಂದು ಅಂದಾಜು ಮಾಡಬಹುದು. ಸುಳ್ಳು ಸಂಚಾರ ಬೆರೆಸಿ ಅದನ್ನು ಮಸುಕಾಗಿಸುವ ಉಪಾಯವನ್ನು ಪರಿಶೀಲಿಸಿದೆವು. ಮೂರು ಶಾಖೆಗಳು 4ಜಿ ಸಂಪರ್ಕದ ಮೇಲೆಯೇ ನಡೆಯುವುದರಿಂದ ಖರ್ಚು ತಾಳದೆಂದು ಬಿಟ್ಟೆವು. ಬದಲಿಗೆ ಆ ಒಂದು ತಾಣದ ಸಂಚಾರವನ್ನು ಎಲ್ಲ ಶಾಖೆಗಳಿಂದ ಪ್ರಧಾನ ಕಚೇರಿಗೆ ತಂದು, ಅಲ್ಲಿಂದ ಒಟ್ಟಾಗಿ ಹೊರಗೆ ಬಿಡುತ್ತಿದ್ದೇವೆ. ಸಹಕಾರಿಯ ಒಟ್ಟು ಲೆಕ್ಕ ಕಾಣಬಹುದು, ಶಾಖೆಯ ಲೆಕ್ಕ ಕಾಣುವುದಿಲ್ಲ.

ಮೊದಲ ತಿಂಗಳಿನ ಲಾಗ್‌ಗಳನ್ನು, ಅಂದರೆ ನಂಬರುಗಳಿದ್ದ ಲಾಗ್‌ಗಳನ್ನು, ಅಳಿಸಿದ್ದೇವೆ ಎಂದು ಕಂಪನಿ ಪತ್ರ ಕೊಟ್ಟಿತು. ಬ್ಯಾಕಪ್ ಪ್ರತಿಗಳು ಮಾತ್ರ 180 ದಿನ ತುಂಬುವವರೆಗೆ ಉಳಿಯುತ್ತವೆ ಎಂದು ಅದೇ ಪತ್ರದ ಕೊನೆಯ ಸಾಲಿನಲ್ಲಿತ್ತು. ವ್ಯವಸ್ಥಾಪಕಿ ಆ ದಿನಾಂಕವನ್ನು ಎಣಿಸಿ ತಮ್ಮ ಮೇಜಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು. ಆ ದಿನ ಬಂದಾಗ ಅವರೇ ಕಂಪನಿಗೆ ಮತ್ತೊಂದು ಪತ್ರ ಬರೆಸಿದರು. ಹನ್ನೊಂದು ದಿನಗಳ ಮೇಲೆ ಬಂದ ಉತ್ತರದ ಪ್ರತಿ ಆ ಪೆನ್ಸಿಲ್ ಗೆರೆಯ ಪುಟದ ಜೊತೆಯಲ್ಲಿ, ನಂಬರಿನ ಮೇಲೆ ಕಪ್ಪು ಶಾಯಿ ಬಳಿದ ಸ್ಥಿತಿಯಲ್ಲಿ, ಸ್ಟ್ರಾಂಗ್ ರೂಮಿನ ಫೈಲಿನಲ್ಲಿದೆ.